ಬಾಡಿಗೆಯೂ ಬರುತ್ತಿಲ್ಲ, ಮನೆಯೂ ಖಾಲಿಯಾಗುತ್ತಿಲ್ಲ: ಬೀಗ ಜಡಿಯುವ ಮುನ್ನ ಓದಿ

ರಾಜಾಜಿನಗರದಲ್ಲಿ ನಮ್ಮ ಚಿಕ್ಕಮ್ಮನದೊಂದು ಹಳೇ ಮನೆ. ಕೆಳಗೆ ಅವರೊಬ್ಬರೇ ಇದ್ದಾರೆ, ಮೇಲಿನ ಪೋರ್ಷನ್ ಬಾಡಿಗೆಗೆ. ತಿಂಗಳಿಗೆ 14,000 ರೂಪಾಯಿ, ಅಡ್ವಾನ್ಸ್ ಒಂದು ಲಕ್ಷ. ಚಿಕ್ಕಪ್ಪ ತೀರಿಕೊಂಡ ಮೇಲೆ ಔಷಧಿ, ಹಾಲು, ಕೆಲಸದವಳ ಸಂಬಳ ಎಲ್ಲ ನಡೆಯುವುದು ಆ ಮೇಲಿನ ಮನೆಯಿಂದಲೇ.

ಬಾಡಿಗೆ ಕೊಡುವುದನ್ನು ನಿಲ್ಲಿಸಿದ ಮೊದಲ ತಿಂಗಳು ಮೇಲಿನ ಮನೆಯವರು ‘ಕಂಪನಿಯಲ್ಲಿ ಸಂಬಳ ತಡ ಆಂಟಿ’ ಅಂದರು. ಎರಡನೇ ತಿಂಗಳು ‘ಊರಲ್ಲಿ ಅಪ್ಪನಿಗೆ ಆಪರೇಷನ್’. ಮೂರನೇ ತಿಂಗಳು ‘ಅಡ್ವಾನ್ಸ್ ನಿಮ್ಮ ಹತ್ತಿರಾನೇ ಇದೆಯಲ್ಲ, ಅದರಲ್ಲೇ ಮುರ್ಕೊಳ್ಳಿ’. ಚಿಕ್ಕಮ್ಮ ಆರು ತಿಂಗಳು ಸುಮ್ಮನಿದ್ದರು. ಏಳನೇ ತಿಂಗಳಿಗೆ ನನಗೆ ಫೋನು ಬಂತು: ‘ಅವರು ಊರಿಗೆ ಹೋಗಿದ್ದಾರೆ ಕಣೋ, ಮೇಲ್ಗಡೆ ಬೀಗ ಹಾಕಿಬಿಡ್ಲಾ?’

ಬೇಡ ಅಂದೆ. ಅಲ್ಲಿಂದ ಮುಂದೆ ಒಂಬತ್ತು ತಿಂಗಳು ಅವರ ಫೈಲು ಹಿಡಿದುಕೊಂಡು ವಕೀಲರ ಆಫೀಸು, ಕೋರ್ಟು ಎಂದು ತಿರುಗಿದೆ. ನಾನು ವಕೀಲನಲ್ಲ. ಆ ಬೆಂಚುಗಳ ಮೇಲೆ ಕೂತು ಕಲಿತದ್ದನ್ನು, ಕಲಿಯಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಹೆಚ್ಚಿನದು ಮಾಲೀಕರಿಗೆ. ಬಾಡಿಗೆದಾರರಿಗೂ ಒಂದು ಭಾಗವಿದೆ, ಅವರು ಅಲ್ಲಿಗೇ ನೇರ ಹೋಗಬಹುದು.

ಮೊದಲು: ಅಡ್ವಾನ್ಸ್ ಎಷ್ಟು ದಿನ ಬರುತ್ತದೆಂದು ಲೆಕ್ಕ ಹಾಕಿ

ಒಂದು ಲಕ್ಷವನ್ನು 14,000ದಿಂದ ಭಾಗಿಸಿ. ಏಳು ತಿಂಗಳಿಗೆ 98,000. ಎಂಟನೇ ತಿಂಗಳಿಂದ ನಿಮ್ಮ ಮನೆಯಲ್ಲಿ ಇನ್ನೊಬ್ಬರು ಪುಕ್ಕಟೆ ಇದ್ದಾರೆ. ಕರೆಂಟ್ ಬಿಲ್ ಬಾಕಿ, ಒಡೆದ ವಾಶ್‌ಬೇಸಿನ್, ಪೇಂಟಿಂಗ್ ಖರ್ಚು ಸೇರಿಸಿದರೆ ಐದೂವರೆ ತಿಂಗಳಿಗೇ ಅಡ್ವಾನ್ಸ್ ಮುಗಿದಂತೆ.

ಮಾಲೀಕರು ಅಡ್ವಾನ್ಸನ್ನು ಭದ್ರತೆ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ನಿಮ್ಮ ಕೈಲಿರುವ ಕಾಲಾವಕಾಶ. ಬೆಂಗಳೂರಿನಲ್ಲಿ ಹಿಂದೆಲ್ಲ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುತ್ತಿದ್ದರು, ಈಗ ಐದಾರು ತಿಂಗಳಿಗೆ ಒಪ್ಪುವವರೇ ಜಾಸ್ತಿ. ಅಂದರೆ ಆ ಕಾಲಾವಕಾಶವೂ ಅರ್ಧಕ್ಕೆ ಇಳಿದಿದೆ. ನೋಟಿಸಿಗೆ ಒಂದು ತಿಂಗಳು, ದಾವೆ ತಯಾರಿಗೆ ಇನ್ನೊಂದು ತಿಂಗಳು, ಸಮನ್ಸ್ ಜಾರಿಗೆ ಎರಡು ತಿಂಗಳು ಎಂದಿಟ್ಟುಕೊಂಡರೂ, ಎದುರಿನವರು ಕೋರ್ಟಿಗೆ ಮೊದಲ ಸಲ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಎರಡು ತಿಂಗಳು ಬಾಕಿಯಾದ ಕೂಡಲೇ ಬರಹದಲ್ಲಿ ಕೇಳಬೇಕು, ಮೂರನೇ ತಿಂಗಳು ಮುಗಿಯುವ ಮೊದಲು ವಕೀಲರ ನೋಟಿಸ್ ಹೋಗಬೇಕು. ಕಠೋರ ಅನ್ನಿಸಿದರೆ ಅನ್ನಿಸಲಿ. ನಿಜವಾದ ಕಷ್ಟದಲ್ಲಿರುವ ಬಾಡಿಗೆದಾರ ಮೂರನೇ ತಿಂಗಳಿಗೆ ಅರ್ಧ ಬಾಡಿಗೆಯನ್ನಾದರೂ ಕೊಟ್ಟಿರುತ್ತಾನೆ, ಇಲ್ಲವೇ ಮುಖಕ್ಕೆ ಮುಖ ಕೊಟ್ಟು ಮಾತಾಡಿರುತ್ತಾನೆ.

ಆ ‘ಬರಹದಲ್ಲಿ ಕೇಳುವುದು’ ದೊಡ್ಡ ವಿಷಯವೇನಲ್ಲ. ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಸಾಕು: ‘ಏಪ್ರಿಲ್ ಮತ್ತು ಮೇ ತಿಂಗಳ ಬಾಡಿಗೆ ಒಟ್ಟು 28,000 ಬಾಕಿ ಇದೆ. ಇದೇ 10ರ ಒಳಗೆ ಹಾಕಿ.’ ಅವರು ‘ಹಾಕ್ತೀನಿ ಆಂಟಿ, ಸ್ವಲ್ಪ ಟೈಮ್ ಕೊಡಿ’ ಎಂದು ಉತ್ತರಿಸಿದರೆ, ಬಾಡಿಗೆ ಇಷ್ಟು, ಬಾಕಿ ಇಷ್ಟು, ನೀವು ಮಾಲೀಕರು ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ಒಪ್ಪಿಕೊಂಡಂತಾಯಿತು. ಚಿಕ್ಕಮ್ಮ ಇದನ್ನೆಲ್ಲ ಮೆಟ್ಟಿಲ ಬಳಿ ನಿಂತು ಬಾಯಲ್ಲೇ ಕೇಳುತ್ತಿದ್ದರು.

ಕಾಗದ ಪತ್ರ ಒಟ್ಟು ಮಾಡಿ

ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್ಕು ಅಥವಾ ಸ್ಟೇಟ್‌ಮೆಂಟು, ಯುಪಿಐ ಸಂದಾಯಗಳ ಪಟ್ಟಿ, ಖಾತಾ, ತೆರಿಗೆ ಕಟ್ಟಿದ ರಸೀದಿ, ಕ್ರಯಪತ್ರ, ಕರೆಂಟ್ ಬಿಲ್ಲು, ಅವರು ಮನೆಗೆ ಬಂದಾಗ ಕೊಟ್ಟ ಆಧಾರ್ ಜೆರಾಕ್ಸ್. ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಸಹಿಯಿದ್ದರೆ ಇಬ್ಬರ ಹೆಸರಿಗೂ ನೋಟಿಸ್ ಹೋಗಬೇಕು.

ಕರಾರಿನ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕು. ನಮ್ಮಲ್ಲಿ 11 ತಿಂಗಳ ಕರಾರು ಮಾಡಿಸುವುದಕ್ಕೆ ಕಾರಣವಿದೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ. 11 ತಿಂಗಳು ಮುಗಿದ ಮೇಲೂ ಅವರು ಇದ್ದು, ನೀವು ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. ಕರಾರೇ ಇಲ್ಲದಿದ್ದರೂ ಅಷ್ಟೇ. ‘ಅಗ್ರಿಮೆಂಟ್ ಇಲ್ಲ, ಏನೂ ಮಾಡಕ್ಕಾಗಲ್ಲ’ ಎಂದು ಹೆದರಿಸುವವರಿಗೆ ಕಿವಿಗೊಡಬೇಡಿ.

ಹೆದರಬೇಕಾದದ್ದು ಸ್ಟ್ಯಾಂಪಿಗೆ. ಎಲ್ಲರೂ ಮಾಡುವಂತೆ ಸಣ್ಣ ಮೊತ್ತದ ಇ-ಸ್ಟ್ಯಾಂಪ್ ಕಾಗದದಲ್ಲಿ ನೋಟರಿ ಹಾಕಿಸಿ ಇಟ್ಟಿರುತ್ತೇವೆ. ಬಾಡಿಗೆ ಮತ್ತು ಅಡ್ವಾನ್ಸಿಗೆ ತಕ್ಕ ಮುದ್ರಾಂಕ ಶುಲ್ಕಕ್ಕಿಂತ ಅದು ಕಡಿಮೆಯಾಗಿದ್ದರೆ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಿದಾಗ ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು. ಬಾಡಿಗೆದಾರ ‘ನಾನು ಬಾಡಿಗೆದಾರನೇ, ಬಾಡಿಗೆ 14,000’ ಎಂದು ಒಪ್ಪಿಕೊಂಡರೆ ಕರಾರನ್ನು ಅವಲಂಬಿಸದೆಯೇ ಕೇಸು ನಡೆಸಬಹುದು. ಇದಕ್ಕೇ ಆ ವಾಟ್ಸ್ಆ್ಯಪ್ ಉತ್ತರಕ್ಕೆ ಅಷ್ಟು ಬೆಲೆ. ಆದರೆ ಸ್ಕ್ರೀನ್‌ಶಾಟ್ ಪ್ರಿಂಟು ತೆಗೆದು ಕೊಟ್ಟರೆ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಲಗತ್ತಿಸಬೇಕು. ಹಳೇ ಫೋನು ಎಕ್ಸ್‌ಚೇಂಜಿಗೆ ಕೊಡಬೇಡಿ.

ಚಿಕ್ಕಮ್ಮನ ಕರಾರು ಚಿಕ್ಕಪ್ಪನ ಹೆಸರಿನಲ್ಲಿತ್ತು. ಖಾತಾ ಕೂಡ. ಅದಕ್ಕಾಗಿ ಮರಣ ಪ್ರಮಾಣಪತ್ರ, ವಂಶವೃಕ್ಷ ಎಂದು ಮೂರು ವಾರ ಹೋಯಿತು. ಮಾಲೀಕರು ತೀರಿಕೊಂಡಿದ್ದರೆ, ಜಗಳ ಬರುವವರೆಗೆ ಕಾಯದೆ, ‘ಇನ್ನು ಮುಂದೆ ಬಾಡಿಗೆಯನ್ನು ಈ ಖಾತೆಗೆ ಹಾಕಿ’ ಎಂದು ವಾರಸುದಾರರು ಒಂದು ಪತ್ರ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಯಾವ ಕಾನೂನು ನಿಮಗೆ ಅನ್ವಯ?

ಇಲ್ಲಿ ಎಡವುವವರೇ ಹೆಚ್ಚು. ನಮ್ಮ ಬೀದಿಯ ಹಿರಿಯರೆಲ್ಲ ಈಗಲೂ ‘ಎಚ್‌ಆರ್‌ಸಿ ಹಾಕ್ಬೇಕು’ ಅನ್ನುತ್ತಾರೆ, ಅಂದರೆ ಹೌಸ್ ರೆಂಟ್ ಕಂಟ್ರೋಲ್ ಕೇಸು. ಬಾಡಿಗೆ ಎಂದರೆ ಬಾಡಿಗೆ ನಿಯಂತ್ರಣ ಕಾಯ್ದೆ ಎಂಬ ಕಾಲದ ಮಾತು ಅದು. ಈಗಿರುವ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರ 2ನೇ ಕಲಂ ದೊಡ್ಡ ದೊಡ್ಡ ಗುಂಪುಗಳನ್ನೇ ಹೊರಗಿಟ್ಟಿದೆ. ಕಾಯ್ದೆಯ ಮೊದಲ ಅನುಸೂಚಿಯ ಎ ಭಾಗದಲ್ಲಿರುವ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ವಾಸದ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ವಾಣಿಜ್ಯ ಮಳಿಗೆಯಾದರೆ 14 ಚದರ ಮೀಟರ್‌ಗಿಂತ ದೊಡ್ಡದು ಹೊರಗೆ. ಹೊಸದಾಗಿ ಕಟ್ಟಿದ ಕಟ್ಟಡಕ್ಕೆ 15 ವರ್ಷ ವಿನಾಯಿತಿ.

3,500 ರೂಪಾಯಿಗೆ ಬೆಂಗಳೂರಿನಲ್ಲಿ ಈಗ ಏನು ಸಿಗುತ್ತದೆ ಎಂದು ಕೇಳಬೇಡಿ. ಹಾಗಾಗಿ ಇಂದಿನ ಬಹುಪಾಲು ಮನೆಗಳಿಗೆ ಅನ್ವಯಿಸುವುದು ಆಸ್ತಿ ವರ್ಗಾವಣೆ ಕಾಯ್ದೆ. ಚಿಕ್ಕಮ್ಮನದೂ ಅದರ ಅಡಿಯಲ್ಲೇ ನಡೆದದ್ದು. ಹಳೇ ಪೇಟೆಯ ಪುಟ್ಟ ಅಂಗಡಿ, ವಠಾರದ ಹಳೇ ಬಾಡಿಗೆದಾರರ ವಿಷಯದಲ್ಲಿ ಮಾತ್ರ ಬಾಡಿಗೆ ಕಾಯ್ದೆಯೇ ಇನ್ನೂ ಎದುರಾಗಬಹುದು.

ವ್ಯತ್ಯಾಸ ಏಕೆ ಮುಖ್ಯವೆಂದರೆ ನೋಟಿಸಿನ ಅವಧಿಯೇ ಬೇರೆ. ಬಾಡಿಗೆ ಕಾಯ್ದೆಯಡಿ ಬಾಕಿ ಕೇಳಿ ನೋಟಿಸ್ ಕೊಟ್ಟ ಮೇಲೆ ಎರಡು ತಿಂಗಳೊಳಗೆ ಬಾಡಿಗೆದಾರ ಪೂರ್ತಿ ಕಟ್ಟಿಬಿಟ್ಟರೆ ಬಾಕಿಯ ಕಾರಣಕ್ಕೆ ತೆರವು ಕೇಳುವಂತಿಲ್ಲ. 27ನೇ ಕಲಮಿನಲ್ಲಿರುವ ಸ್ವಂತಕ್ಕೆ ಬೇಕು, ಬೇರೆಯವರಿಗೆ ಒಳಬಾಡಿಗೆ ಕೊಟ್ಟಿದ್ದಾರೆ ಎಂಬಂಥ ಬೇರೆ ಕಾರಣ ತೋರಿಸಬೇಕು. ಆಸ್ತಿ ವರ್ಗಾವಣೆ ಕಾಯ್ದೆಯಡಿ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಕಲಮಿನಂತೆ 15 ದಿನದ ನೋಟಿಸ್ ಸಾಕು, ಕಾರಣ ಹೇಳಬೇಕೆಂದೇ ಇಲ್ಲ. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ, ಉದಾಹರಣೆಗೆ ಎರಡು ತಿಂಗಳು ಎಂದಿದ್ದರೆ, ಅದನ್ನೇ ಪಾಲಿಸಿ.

11 ತಿಂಗಳ ಅವಧಿ ಇನ್ನೂ ನಡೆಯುತ್ತಿದ್ದರೆ ಮಾತು ಬೇರೆ. ಬಾಡಿಗೆ ತಪ್ಪಿದರೆ ಮಧ್ಯದಲ್ಲೇ ರದ್ದು ಮಾಡಿ ಮನೆ ವಾಪಸು ಪಡೆಯಬಹುದೆಂಬ ಷರತ್ತು ಕರಾರಿನಲ್ಲಿ ಇರಬೇಕು. ಹಾಗೆ ರದ್ದು ಮಾಡಿದಾಗಲೂ, ಬಾಡಿಗೆದಾರ ವಿಚಾರಣೆ ವೇಳೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ಕೋರ್ಟು 114ನೇ ಕಲಮಿನಡಿ ಅವನಿಗೆ ರಿಯಾಯಿತಿ ಕೊಡಬಹುದು. ಅವಧಿ ಮುಗಿಯಲು ಒಂದೆರಡು ತಿಂಗಳಷ್ಟೇ ಇದ್ದರೆ ಕಾದು, ಆಮೇಲೆ ಹೊರಡುವುದೇ ಲೇಸು ಎಂದು ನಮ್ಮ ವಕೀಲರು ಹೇಳುತ್ತಿದ್ದರು.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನು ತೋರಿಸಿ ‘ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ’ ಎಂದು ವಾದಿಸುವವರು ಸಿಗುತ್ತಾರೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನದೇ ಕಾನೂನಾಗಿ ಮಾಡಿಕೊಂಡಾಗಷ್ಟೇ ಅದಕ್ಕೆ ಬಲ. ಭೋಗ್ಯಕ್ಕೆ ಹಾಕಿದ ಮನೆಗಳಲ್ಲಿ ತಿಂಗಳ ಬಾಡಿಗೆಯೇ ಇಲ್ಲ, ಅಲ್ಲಿ ಜಗಳ ಬರುವುದು ಮಾಲೀಕ ಗಂಟು ವಾಪಸು ಕೊಡದಿದ್ದಾಗ. ಅದು ಬೇರೆಯೇ ಕಥೆ.

ನೋಟಿಸ್

ವಕೀಲರೇ ಬರೆಯಲಿ. ಆದರೆ ಅವರು ಬರೆದದ್ದನ್ನು ನೀವು ಓದಿ. ಮನೆಯ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಬಾಡಿಗೆ ಮೊತ್ತ, ಯಾವ ತಿಂಗಳಿಂದ ಬಾಕಿ, ಒಟ್ಟೆಷ್ಟು, ಅಡ್ವಾನ್ಸ್ ಎಷ್ಟಿದೆ, ಎಲ್ಲವೂ ಸರಿಯಿರಬೇಕು. ತಿರುಳಿನ ಭಾಗ ಹೀಗಿದ್ದರೆ ಸಾಕು:

‘ನೀವು ಸದರಿ ಮನೆಯಲ್ಲಿ ತಿಂಗಳಿಗೆ 14,000 ರೂಪಾಯಿ ಬಾಡಿಗೆಯ ಮೇಲೆ ಬಾಡಿಗೆದಾರರಾಗಿದ್ದೀರಿ. ಕಳೆದ ಆರು ತಿಂಗಳ ಬಾಡಿಗೆ 84,000 ರೂಪಾಯಿ ಬಾಕಿ ಉಳಿಸಿಕೊಂಡಿದ್ದೀರಿ. ಈ ನೋಟಿಸಿನ ಮೂಲಕ ನಿಮ್ಮ ಬಾಡಿಗೆ ಹಕ್ಕನ್ನು ಕೊನೆಗೊಳಿಸಲಾಗಿದೆ. ನೋಟಿಸ್ ತಲುಪಿದ 15 ದಿನಗಳು ಮುಗಿದ ಕೂಡಲೇ ಮನೆಯನ್ನು ಖಾಲಿ ಮಾಡಿ ಸ್ವಾಧೀನ ಒಪ್ಪಿಸತಕ್ಕದ್ದು, ಬಾಕಿ ಸಂದಾಯ ಮಾಡತಕ್ಕದ್ದು. ತಪ್ಪಿದಲ್ಲಿ ಸ್ವಾಧೀನಕ್ಕಾಗಿ, ಬಾಕಿಗಾಗಿ ಮತ್ತು ಅಲ್ಲಿಂದ ಮುಂದಿನ ಬಳಕೆಯ ನಷ್ಟಭರ್ತಿಗಾಗಿ ದಾವೆ ಹೂಡಲಾಗುವುದು.’

ಬೈಗುಳ, ಹಳೇ ಜಗಳ, ‘ನಿಮ್ಮ ನಡತೆ ಸರಿಯಿಲ್ಲ’ ಇತ್ಯಾದಿ ಬೇಡ. ಚಿಕ್ಕಮ್ಮ ಮೇಲಿನವರು ರಾತ್ರಿ ಹನ್ನೊಂದಕ್ಕೆ ಮಿಕ್ಸಿ ಹಾಕುತ್ತಾರೆಂಬುದನ್ನೂ ಸೇರಿಸಲು ಹೇಳಿದ್ದರು.

15 ದಿನ ಎಣಿಸುವುದು ನೋಟಿಸ್ ಬರೆದ ದಿನದಿಂದಲ್ಲ, ಅವರ ಕೈ ಸೇರಿದ ದಿನದಿಂದ. ಮೊದಲು ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಸರಿಯಾಗಿ ಅವಧಿ ಮುಗಿಯಬೇಕಿತ್ತು, ಒಂದು ದಿನ ಹೆಚ್ಚುಕಡಿಮೆಯಾದರೂ ಕೇಸು ಬಿದ್ದುಹೋಗುತ್ತಿತ್ತು. 2002ರ ಕೊನೆಯಲ್ಲಿ ಆದ ತಿದ್ದುಪಡಿ ಆ ಕಾಟವನ್ನು ತಪ್ಪಿಸಿತು. ಈಗ ನೋಟಿಸಿನಲ್ಲಿ ಬರೆದ ಅವಧಿ ತುಸು ಕಡಿಮೆಯಾಗಿದ್ದರೂ, ದಾವೆ ಹೂಡಿದ್ದು 15 ದಿನ ಕಳೆದ ಮೇಲಾದರೆ ಆ ಕಾರಣಕ್ಕೆ ನೋಟಿಸ್ ಅಸಿಂಧುವಾಗುವುದಿಲ್ಲ.

ಅಂಚೆಯಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಂದಿಗೆ ಸೇರಿಸಿದ್ದರಿಂದ, ಹಳಬರು ಹೇಳುವ ‘ಆರ್‌ಪಿಎಡಿ’ (ಸ್ವೀಕೃತಿ ಚೀಟಿ ಇರುವ ರಿಜಿಸ್ಟರ್ಡ್ ಪೋಸ್ಟ್) ಎಂಬ ಹೆಸರು ಹಿಡಿದು ಅಂಚೆ ಕಚೇರಿಯಲ್ಲಿ ಜಗಳ ಆಡಬೇಡಿ, ತಲುಪಿದ್ದಕ್ಕೆ ಪುರಾವೆ ಬೇಕು ಎಂದು ಕೇಳಿ ಪಡೆಯಿರಿ. ಟ್ರ್ಯಾಕಿಂಗ್ ಪುಟವನ್ನು ಅಂದೇ ಪ್ರಿಂಟ್ ತೆಗೆದಿಡಿ. ಲಕೋಟೆ ‘ಬಾಗಿಲು ಹಾಕಿತ್ತು’, ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಷರಾ ಹೊತ್ತು ವಾಪಸು ಬಂದರೆ ಖಂಡಿತ ಒಡೆಯಬೇಡಿ. ಮುಚ್ಚಿದ ಲಕೋಟೆಯೇ ಸಾಕ್ಷ್ಯ. ಮನೆಯವರ ಕೈಗೆ ಕೊಡುವುದಕ್ಕೂ, ಅದು ಆಗದಿದ್ದರೆ ಬಾಗಿಲಿಗೆ ಅಂಟಿಸುವುದಕ್ಕೂ 106ನೇ ಕಲಮಿನಲ್ಲೇ ಅವಕಾಶವಿದೆ. ಅಂಟಿಸುವಾಗ ಫೋಟೊ ತೆಗೆಯಿರಿ, ಪಕ್ಕದ ಮನೆಯವರೊಬ್ಬರು ಜೊತೆಗಿರಲಿ.

ನೋಟಿಸ್ ಹೋದ ಮೇಲೆ ಬಾಡಿಗೆದಾರ ಒಂದು ತಿಂಗಳ ಬಾಡಿಗೆಯನ್ನು ಮೆಲ್ಲಗೆ ಖಾತೆಗೆ ಹಾಕಿಬಿಡುತ್ತಾನೆ. ಸಂತೋಷವಾಗುತ್ತದೆ, ತೆಗೆದುಕೊಳ್ಳುತ್ತೀರಿ. ಆಮೇಲೆ ಕೋರ್ಟಿನಲ್ಲಿ ‘ಬಾಡಿಗೆ ತಗೊಂಡು ನೋಟಿಸನ್ನೇ ಕೈಬಿಟ್ಟಿದ್ದಾರೆ ಸ್ವಾಮಿ’ ಎಂಬ ವಾದ ಏಳುತ್ತದೆ. ಬಾಡಿಗೆ ಪಡೆದ ಮಾತ್ರಕ್ಕೆ ಹಾಗಾಗುವುದಿಲ್ಲ, ಆದರೂ ವಾದಕ್ಕೆ ಎಡೆ ಕೊಡುವುದೇಕೆ? ಅಂದೇ ಮೆಸೇಜು ಹಾಕಿ: ‘ನೀವು ಹಾಕಿರುವ 14,000ವನ್ನು ನೋಟಿಸಿಗೆ ಬಾಧೆಯಾಗದಂತೆ, ಹಳೇ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ.’

ಬೀಗದ ವಿಷಯ

ಚಿಕ್ಕಮ್ಮನ ಪ್ರಶ್ನೆಗೆ ‘ಬೇಡ’ ಅಂದೆನಲ್ಲ, ಏಕೆಂದು ಈಗ ಹೇಳುತ್ತೇನೆ. ಕರಾರು ಮುಗಿದಿರಲಿ, ಬಾಡಿಗೆ ಒಂದು ವರ್ಷದ್ದು ಬಾಕಿಯಿರಲಿ, ಒಳಗಿರುವವರನ್ನು ಕಾನೂನಿನ ಕ್ರಮದಲ್ಲಲ್ಲದೆ ಹೊರಹಾಕುವಂತಿಲ್ಲ. ಸುಪ್ರೀಂ ಕೋರ್ಟ್ 1989ರ ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನೀವು ಬೀಗ ಹಾಕಿದರೆ ಬಾಡಿಗೆದಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಪಡೆಯಬಹುದು. ಆ ದಾವೆಯಲ್ಲಿ ‘ಮನೆ ನನ್ನದು’ ಎಂಬ ನಿಮ್ಮ ಮಾತಿಗೆ ಜಾಗವೇ ಇಲ್ಲ. ಜೊತೆಗೆ ಪೊಲೀಸ್ ದೂರು: ಅಕ್ರಮ ತಡೆ, ಬೆದರಿಕೆ, ‘ಬೀರುವಿನಲ್ಲಿದ್ದ ಚಿನ್ನ ಕಾಣೆಯಾಗಿದೆ’. ಬಾಡಿಗೆ ಬಾಕಿಯಿಟ್ಟವನು ದೂರುದಾರ, ನೀವು ಆರೋಪಿ.

ನೀರಿನ ವಾಲ್ವ್ ಮುಚ್ಚುವುದು, ಫ್ಯೂಸ್ ಕಿತ್ತುಕೊಳ್ಳುವುದೂ ಅಷ್ಟೇ ದಡ್ಡತನ. ನೀವು ಕೋರ್ಟಿಗೆ ಹೋಗುವ ಮೊದಲೇ ಅವರು ತಡೆಯಾಜ್ಞೆ ತಂದು, ನೀವು ಪ್ರತಿವಾದಿಯಾಗಿ ಕೂರುತ್ತೀರಿ. ಠಾಣೆಗೆ ಹೋಗಿ ‘ಸ್ವಲ್ಪ ಹೆದರಿಸಿ ಸಾರ್’ ಎಂದು ಕೇಳಿದರೆ ‘ಇದು ಸಿವಿಲ್ ಮ್ಯಾಟರ್’ ಅನ್ನುತ್ತಾರೆ. ಅವರು ಹೇಳುವುದು ಸರಿಯೇ. ಏರಿಯಾದ ‘ಹುಡುಗರನ್ನು’ ಕಳಿಸಿ ಖಾಲಿ ಮಾಡಿಸಿಕೊಡುತ್ತೇನೆ ಎನ್ನುವ ಬ್ರೋಕರನ್ನು ಬಾಗಿಲಿಂದಲೇ ಕಳಿಸಿ. ಮನೆ ಖಾಲಿಯಾದರೂ ಆ ಹುಡುಗರು ನಿಮ್ಮನ್ನು ಬಿಡುವುದಿಲ್ಲ.

ಬಾಡಿಗೆದಾರನೇ ಬೀಗ ಹಾಕಿಕೊಂಡು ಮಾಯವಾದರೆ? ಆಗಲೂ ಒಡೆಯಬೇಡಿ. ಬಾಗಿಲಿಗೆ ನೋಟಿಸ್ ಅಂಟಿಸಿ, ದಾವೆ ಹೂಡಿ, ಒಳಗಿನ ಸಾಮಾನಿನ ಪಟ್ಟಿ ಮಾಡಲು ಕೋರ್ಟ್ ಕಮಿಷನರ್ ನೇಮಿಸುವಂತೆ ಕೇಳಿ.

ದಾವೆ

ಬೆಂಗಳೂರಿನಲ್ಲಿ ಇಂಥ ತೆರವು ದಾವೆಗಳು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನಡೆಯುತ್ತವೆ. ಬೇರೆ ಊರುಗಳಲ್ಲಿ ಅಲ್ಲಿನ ಸಿವಿಲ್ ನ್ಯಾಯಾಲಯ. ಕೋರ್ಟ್ ಫೀ ಮನೆಯ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ. ಚಿಕ್ಕಮ್ಮನ ಲೆಕ್ಕದಲ್ಲಿ 1,68,000ದ ಮೇಲೆ. ಬಾಕಿ ಹಣಕ್ಕೆ ಬೇರೆ. ‘ಕೋಟಿ ಬೆಲೆಯ ಮನೆ, ಕೋರ್ಟ್ ಫೀಗೇ ಲಕ್ಷಗಟ್ಟಲೆ ಬೇಕು’ ಎಂದು ಹೆದರಿ ಸುಮ್ಮನಿದ್ದವರನ್ನು ನೋಡಿದ್ದೇನೆ. ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತೇನಾದರೂ (ವಿವಾದವನ್ನು ಕೋರ್ಟಿನ ಬದಲು ಖಾಸಗಿ ಪಂಚರು ತೀರ್ಮಾನಿಸಬೇಕೆಂಬ ಷರತ್ತು) ಇದೆಯೇ ಎಂದು ಮೊದಲೇ ನೋಡಿ, ಏಕೆಂದರೆ ಆಸ್ತಿ ವರ್ಗಾವಣೆ ಕಾಯ್ದೆಯಡಿ ಬರುವ ಬಾಡಿಗೆ ವಿವಾದಗಳನ್ನು ಅಂಥ ಪಂಚರಿಗೆ ಒಪ್ಪಿಸಬಹುದು ಎಂದು ಸುಪ್ರೀಂ ಕೋರ್ಟ್ 2020ರ ವಿದ್ಯಾ ದ್ರೋಲಿಯಾ ತೀರ್ಪಿನಲ್ಲಿ ಹೇಳಿದೆ.

ದಾವೆಯಲ್ಲಿ ಮೂರನ್ನೂ ಕೇಳಿ: ಸ್ವಾಧೀನ, ಬಾಕಿ ಬಾಡಿಗೆ, ನೋಟಿಸ್ ಅವಧಿ ಮುಗಿದ ದಿನದಿಂದ ಕೀ ಕೊಡುವವರೆಗಿನ ನಷ್ಟಭರ್ತಿ. ಈ ಮೂರನೆಯದನ್ನು ಹಳೇ ಬಾಡಿಗೆಯ ದರದಲ್ಲಷ್ಟೇ ಅಲ್ಲ, ಇಂದಿನ ಮಾರ್ಕೆಟ್ ದರದಲ್ಲಿ ಕೇಳಬಹುದು. ಅದಕ್ಕೆ ಪಕ್ಕದ ಮನೆಗಳ ಬಾಡಿಗೆ ಎಷ್ಟೆಂಬ ಪುರಾವೆ ಬೇಕು. ಬಾಕಿ ಬಾಡಿಗೆಗೆ ಕಾಲಮಿತಿ ಮೂರು ವರ್ಷ, ಅದಕ್ಕೂ ಹಿಂದಿನದು ಕೈತಪ್ಪಿದಂತೆ.

ದಾವೆ ನಡೆಯುವಷ್ಟು ಕಾಲ ಬಾಡಿಗೆ ಕಟ್ಟಲು ಆದೇಶಿಸಬೇಕೆಂದು ಮೊದಲ ದಿನವೇ ಮಧ್ಯಂತರ ಅರ್ಜಿ ಹಾಕಿಸಿ. ಬಾಡಿಗೆ ಕಾಯ್ದೆಯ ಕೇಸಾದರೆ 45ನೇ ಕಲಂ ಇನ್ನೂ ಗಟ್ಟಿ: ಬಾಕಿ ಕಟ್ಟಿ, ತಿಂಗಳು ತಿಂಗಳು ಕಟ್ಟುತ್ತ ಹೋಗದಿದ್ದರೆ ಬಾಡಿಗೆದಾರನಿಗೆ ಕೇಸನ್ನು ಎದುರಿಸುವ ಹಕ್ಕೇ ಇಲ್ಲ.

ಎದುರಿನವರ ಉತ್ತರ ಸಾಮಾನ್ಯವಾಗಿ ಈ ನಾಲ್ಕರಲ್ಲೊಂದು. ಅಡ್ವಾನ್ಸ್ ಒಂದಲ್ಲ, ಮೂರು ಲಕ್ಷ ಕೊಟ್ಟಿದ್ದೆ. ಬಾಡಿಗೆಯನ್ನು ಕ್ಯಾಶ್ ಕೊಡುತ್ತಿದ್ದೆ, ರಸೀದಿ ಕೊಡಲಿಲ್ಲ. ರಿಪೇರಿಗೆ ನಾನೇ ಖರ್ಚು ಮಾಡಿದೆ. ಈ ಮನೆಯನ್ನು ನನಗೇ ಮಾರುವುದಾಗಿ ಬಾಯಿಮಾತಿನಲ್ಲಿ ಒಪ್ಪಿದ್ದರು. ನಾಲ್ಕನೆಯದು ಕೇಳಿ ಚಿಕ್ಕಮ್ಮ ಕೋರ್ಟ್ ಹಾಲಿನಲ್ಲೇ ನಕ್ಕುಬಿಟ್ಟರು, ವಕೀಲರು ಕಣ್ಣು ಬಿಟ್ಟರು. ಮಾಲೀಕನೆಂದು ಒಪ್ಪಿ ಮನೆಯೊಳಗೆ ಬಂದವನು ಆಮೇಲೆ ಮಾಲೀಕತ್ವವನ್ನೇ ಅಲ್ಲಗಳೆಯಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಮೊದಲ ಎರಡಕ್ಕೆ ಮಾತ್ರ ನಿಮ್ಮ ಬ್ಯಾಂಕ್ ದಾಖಲೆಯೇ ಗತಿ. ಕ್ಯಾಶ್ ತೆಗೆದುಕೊಂಡು ರಸೀದಿ ಕೊಡದ ಅಭ್ಯಾಸ ಇಬ್ಬರಿಗೂ ಮುಳುವು.

ರಾಜಿಯನ್ನು ಕೀಳೆಂದು ನೋಡಬೇಡಿ

ಏಳೆಂಟು ವಾಯಿದೆ ಕಳೆದಾಗ ನಮ್ಮ ಕೇಸನ್ನು ಮಧ್ಯಸ್ಥಿಕೆಗೆ (ಮೀಡಿಯೇಷನ್, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದು) ಕಳಿಸಿದರು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ ಇರುವುದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಅಷ್ಟರಲ್ಲಿ ಬಾಡಿಗೆ ನಿಂತು 14 ತಿಂಗಳು, ಬಾಕಿ 1,96,000. ಅಡ್ವಾನ್ಸ್ ಕಳೆದರೆ 96,000 ಬರಬೇಕು. ಚಿಕ್ಕಮ್ಮನಿಗೆ ಪೈಸೆ ಬಿಡಲು ಮನಸ್ಸಿಲ್ಲ. ನಾನು ಅವರಿಗೆ ಕೇಳಿದ್ದು ಇಷ್ಟೇ: ‘ಚಿಕ್ಕಮ್ಮ, ಕೇಸು ಇನ್ನೊಂದು ವರ್ಷ ಎಳೆದರೆ ಹೋಗೋದೆಷ್ಟು?’ 1,68,000. ಅದರ ಮುಂದೆ 96,000 ಸಣ್ಣದು. ಡಿಕ್ರಿ (ಕೋರ್ಟಿನ ಅಂತಿಮ ತೀರ್ಮಾನ) ಬಂದರೂ ಸಂಬಳ, ಆಸ್ತಿ ಗೊತ್ತಿಲ್ಲದ ಮನುಷ್ಯನಿಂದ ಹಣ ವಸೂಲಿ ಮಾಡುವುದು ಮನೆ ಬಿಡಿಸುವುದಕ್ಕಿಂತ ಕಷ್ಟ. ಕೊನೆಗೆ 30,000ವನ್ನು ಎರಡು ಕಂತಿನಲ್ಲಿ ಕೊಡುವುದು, 60 ದಿನದಲ್ಲಿ ಕೀ ಕೊಡುವುದು, ಉಳಿದದ್ದು ಬಿಟ್ಟದ್ದು ಎಂದಾಯಿತು.

ಕೀ ಮುಖ್ಯ, ಬಾಕಿ ಆಮೇಲೆ. ಇದು ನನ್ನ ಅಭಿಪ್ರಾಯ, ಒಪ್ಪದ ಮಾಲೀಕರು ಬಹಳ ಜನ ಇದ್ದಾರೆ.

ರಾಜಿ ಮಾಡಿಕೊಂಡರೆ ಬಿಳಿ ಹಾಳೆಯಲ್ಲಿ ಮಾಡಿಕೊಳ್ಳಬೇಡಿ. ದಾವೆ ಇದ್ದರೆ ರಾಜಿ ಅರ್ಜಿ ಕೋರ್ಟಿಗೆ ಸಲ್ಲಿಸಿ ರಾಜಿ ಡಿಕ್ರಿ ಪಡೆಯಿರಿ. ದಾವೆ ಇನ್ನೂ ಹೂಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ವ್ಯಾಜ್ಯಪೂರ್ವ ಲೋಕ ಅದಾಲತ್‌ನಲ್ಲಿ ದಾಖಲಿಸಿ. ಲೋಕ ಅದಾಲತ್ತಿನ ತೀರ್ಮಾನಕ್ಕೆ ಡಿಕ್ರಿಯಷ್ಟೇ ಬಲ, ಅದರ ಮೇಲೆ ಮೇಲ್ಮನವಿ ಇಲ್ಲ. ಹೇಳಿದ ದಿನ ಅವರು ಬಿಡದಿದ್ದರೆ ಹೊಸ ಕೇಸು ಬೇಡ, ನೇರವಾಗಿ ಅಮಲ್ಜಾರಿ, ಅಂದರೆ ಕೋರ್ಟಿನ ಮೂಲಕ ಆ ತೀರ್ಮಾನವನ್ನು ಜಾರಿ ಮಾಡಿಸುವುದು. ‘ತಪ್ಪಿದರೆ ಬಿಟ್ಟುಕೊಟ್ಟ ಪೂರ್ತಿ ಬಾಕಿ ಮತ್ತೆ ಕೊಡತಕ್ಕದ್ದು’ ಎಂಬ ಒಂದು ಸಾಲನ್ನು ಮರೆಯದೆ ಸೇರಿಸಿ. ಚಿಕ್ಕಮ್ಮನ ಮೇಲ್ಮನೆಯವರು 58ನೇ ದಿನ ಗಾಡಿ ತರಿಸಿದ್ದಕ್ಕೆ ಆ ಸಾಲೇ ಕಾರಣ ಎಂದು ನನ್ನ ಗುಮಾನಿ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮಾಲೀಕರಾಗಲಿ ಬಾಡಿಗೆದಾರರಾಗಲಿ, ಅದೇ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಇದು ನಮಗೆ ತಿಳಿದದ್ದು ವಕೀಲರ ಫೀ ಕೊಟ್ಟಾದ ಮೇಲೆ.

ರಾಜಿಯಾಗದೆ ಡಿಕ್ರಿಯಾದರೆ, ಖಾಲಿ ಮಾಡಲು ಕೋರ್ಟು ಕೊಟ್ಟ ಗಡುವು ಮುಗಿದ ಮೇಲೆ ಅಮಲ್ಜಾರಿ ಅರ್ಜಿ, ಸ್ವಾಧೀನ ವಾರಂಟು, ಅದನ್ನು ಜಾರಿ ಮಾಡುವ ಕೋರ್ಟಿನ ಅಮೀನರು. ಬೀಗ ಒಡೆಯಲು ಅನುಮತಿ, ಪೊಲೀಸ್ ನೆರವು ಎರಡನ್ನೂ ಕೋರ್ಟಿನಿಂದಲೇ ಕೇಳಿ ಪಡೆಯಬೇಕು.

ನೀವು ಬಾಡಿಗೆದಾರರಾಗಿದ್ದರೆ

ಕೆಲಸ ಹೋಗಿದೆ, ಬಾಡಿಗೆ ಕಟ್ಟಲಾಗುತ್ತಿಲ್ಲ. ಮೊದಲ ತಿಂಗಳೇ ಹೇಳಿ, ಎಷ್ಟಾಗುತ್ತದೋ ಅಷ್ಟು ಬ್ಯಾಂಕ್ ಮೂಲಕವೇ ಹಾಕಿ. ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದಕ್ಕೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ನೀವೇ ತೀರ್ಮಾನಿಸಿದರೆ ಅದು ಬಾಕಿ ಎಂದೇ ಲೆಕ್ಕ.

ನೋಟಿಸ್ ಬಂದರೆ ವಾಪಸು ಕಳಿಸಬೇಡಿ. ನಿರಾಕರಿಸಿದರೆ ತಲುಪಿದಂತೆಯೇ ಎಣಿಸುತ್ತಾರೆ, ಅದರಲ್ಲಿ ಏನು ಬರೆದಿತ್ತೆಂದು ತಿಳಿಯದವರು ನೀವೊಬ್ಬರೇ ಆಗುತ್ತೀರಿ. ಮಾಲೀಕರೇ ಬೇಕೆಂದು ಬಾಡಿಗೆ ತೆಗೆದುಕೊಳ್ಳದೆ ಬಾಕಿ ತೋರಿಸುತ್ತಿದ್ದಾರೆಯೇ? ಅವರ ಖಾತೆಗೆ ಹಾಕಿ, ಖಾತೆ ಕೊಡದಿದ್ದರೆ ಡಿಡಿ ತೆಗೆದು ಪತ್ರದೊಂದಿಗೆ ಅಂಚೆಯಲ್ಲಿ ಕಳಿಸಿ. ವಾಪಸು ಬಂದ ಲಕೋಟೆ ನಿಮಗೂ ಸಾಕ್ಷ್ಯವೇ.

ಛಾವಣಿ ಸೋರುತ್ತಿದೆ, ಮಾಲೀಕರು ಕೇಳುತ್ತಿಲ್ಲ ಎಂದು ಬಾಡಿಗೆ ನಿಲ್ಲಿಸುವಂತಿಲ್ಲ. ಅವರೇ ಮಾಡಿಸಬೇಕಾದ ರಿಪೇರಿಯಾದರೆ ಮೊದಲು ಬರಹದಲ್ಲಿ ತಿಳಿಸಿ, ಸಮಯ ಕೊಟ್ಟು, ಆಮೇಲೆ ನೀವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆಯಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಬಿಲ್ಲಿಲ್ಲದಿದ್ದರೆ ಆ ಹಕ್ಕೂ ಇಲ್ಲ. ಕರೆಂಟು ಕಿತ್ತರೆ ಅಥವಾ ಬೀಗ ಹಾಕಿದರೆ ಅಂದೇ ಫೋಟೊ ತೆಗೆದು ಠಾಣೆಗೆ ದೂರು ಕೊಡಿ, ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿ. 2022ರಲ್ಲಿ ಸುಪ್ರೀಂ ಕೋರ್ಟ್, ಮಾಲೀಕ ನಿರಾಕ್ಷೇಪಣಾ ಪತ್ರ ಕೊಡುತ್ತಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಎಂದಿದೆ. ಬೀಗ ಹಾಕಿ ಹೊರಹಾಕಿದ್ದರೆ ಸ್ವಾಧೀನ ವಾಪಸು ಕೇಳಿ ದಾವೆ ಹೂಡಲು ಆರು ತಿಂಗಳಷ್ಟೇ ಕಾಲಮಿತಿ ಎಂಬುದು ನೆನಪಿರಲಿ.

ಪಿಜಿಯಲ್ಲಿ ಇರುವವರದು ಸಾಮಾನ್ಯವಾಗಿ ಬಾಡಿಗೆ ಹಕ್ಕಲ್ಲ, ಇರಲು ಕೊಟ್ಟ ಪರವಾನಗಿ. ಮೇಲಿನ ಎಷ್ಟೋ ಮಾತು ಅವರಿಗೆ ಅನ್ವಯಿಸುವುದಿಲ್ಲ.

ಕೀ ಕೈಗೆ ಬರುವ ದಿನ

ಸಾಮಾನೆಲ್ಲ ಇಳಿದ ಮೇಲೆ, ಗಾಡಿ ಹೊರಡುವ ಮೊದಲು ಒಟ್ಟಿಗೆ ಮನೆ ಸುತ್ತಿ. ಪ್ರತಿ ಕೋಣೆಯ ವೀಡಿಯೊ, ವಿದ್ಯುತ್ ಮೀಟರಿನ ರೀಡಿಂಗ್ ಫೋಟೊ. ಮೀಟರ್ ನಿಮ್ಮ ಹೆಸರಿನಲ್ಲಿದ್ದರೆ ಅವರ ಬಾಕಿ ಬಿಲ್ಲೂ ನಿಮ್ಮ ತಲೆಗೇ. ಬೆಸ್ಕಾಂ ಬಾಕಿ ಎಷ್ಟಿದೆಯೆಂದು ಅಲ್ಲೇ ಫೋನಿನಲ್ಲಿ ನೋಡಿಕೊಳ್ಳಿ. ‘ಇಂಥ ದಿನ, ಇಷ್ಟು ಗಂಟೆಗೆ ಮನೆಯ ಸ್ವಾಧೀನವನ್ನು ಒಪ್ಪಿಸಿದ್ದೇನೆ, ಒಳಗೆ ನನ್ನ ಯಾವ ವಸ್ತುವೂ ಇಲ್ಲ’ ಎಂದು ಅವರ ಕೈಯಲ್ಲೇ ಬರೆಸಿ ಸಹಿ ಹಾಕಿಸಿ. ಅವರಿಗೂ ಒಂದು ಪ್ರತಿ ಕೊಡಿ, ಕೀ ಕೊಟ್ಟೆನೆಂಬುದಕ್ಕೆ ಅವರಿಗದು ಬೇಕು. ಅಡ್ವಾನ್ಸಿನಲ್ಲಿ ಏನೇನು ಕಳೆದಿರಿ ಎಂಬುದನ್ನು ಅದೇ ಹಾಳೆಯ ಹಿಂದೆ ಬರೆಯಿರಿ. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ, ಆದರೆ ಕರಾರಿನಲ್ಲಿ ಬರೆದಿಲ್ಲದಿದ್ದರೆ ಅದೂ ಜಗಳದ ಮೂಲವೇ.

ಚಿಕ್ಕಮ್ಮ ಮೂರು ಕೀ ಕೊಟ್ಟಿದ್ದರು. ವಾಪಸು ಬಂದದ್ದು ಎರಡು. ಸಂಜೆಯೊಳಗೆ ಬೀಗ ಬದಲಿಸಿದೆವು.